ಕೊಡಗಿಗೆ ಬೇಕು ಗಂಡು ನಾಯಿಗಳ ಒಂದು ದಾಖಲೆ ಪುಸ್ತಕ

ಮಾನ್ಯ ಸಂಪಾದಕರೇ,

ಕೊಡಗಿನ ತೋಟಗಳಲ್ಲಿ ನಾಯಿಯಿಲ್ಲದ ಮನೆ ಅಪರೂಪ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಡಾಬರ್‌ಮನ್, ರಾಟ್‌ವೈಲರ್, ಬೀಗಲ್, ಡ್ಯಾಶ್‌ಹುಂಡ್, ಕಾಕರ್ ಹೀಗೆ ಜಾತಿ ನಾಯಿಗಳನ್ನು ಇಲ್ಲಿನವರು ಅಕ್ಕರೆಯಿಂದ ಸಾಕುತ್ತಾರೆ, ಮರಿಯನ್ನೂ ಮಾಡಿಸುತ್ತಾರೆ. ಆದರೆ ಹೆಣ್ಣು ಬೆದೆಗೆ ಬಂದಾಗ ಫೋನಿನಲ್ಲಿ ನಡೆಯುವ ವಿಚಾರಣೆ ಹೆಚ್ಚಿನ ಕಡೆ ಒಂದೇ ತರಹದ್ದು. ಹತ್ತಿರದಲ್ಲಿ ಒಳ್ಳೆಯ ಗಂಡು ಯಾರ ಬಳಿ ಇದೆ, ಶೋದಲ್ಲಿ ಗೆದ್ದಿದೆಯೇ, ಪೇಪರ್, ಅಂದರೆ ವಂಶಾವಳಿಯ ಸರ್ಟಿಫಿಕೇಟು, ಇದೆಯೇ, ಕ್ರಾಸಿಂಗ್‌ಗೆ ಎಷ್ಟು ಕೊಡಬೇಕು. ಸೊಂಟದ ಎಕ್ಸ್‌ರೇ ಆಗಿದೆಯೇ ಎಂದು ಕೇಳುವವರು ಕಡಿಮೆ. ಈ ಗಂಡು ಈಗಾಗಲೇ ಎಷ್ಟು ಸೂಲುಗಳಿಗೆ ತಂದೆಯಾಗಿದೆ ಎಂದು ಕೇಳುವವರು ಇನ್ನೂ ಕಡಿಮೆ. ಜಾತಿ ನಾಯಿಗಳ ಮುಂದಿನ ತಲೆಮಾರಿನ ಆರೋಗ್ಯ ಬಹುಮಟ್ಟಿಗೆ ನಿಂತಿರುವುದು ಈ ಕೊನೆಯ ಪ್ರಶ್ನೆಯ ಮೇಲೆ. ಅದಕ್ಕೆ ಉತ್ತರ ಸಿಗುವಂಥ ಒಂದು ದಾಖಲೆ ಪುಸ್ತಕ ಜಿಲ್ಲೆಯಲ್ಲಿ ಇರಬೇಕು ಎಂಬುದೇ ಈ ಪತ್ರದ ಕೋರಿಕೆ.

ಒಂದು ಲೆಕ್ಕದಿಂದ ಶುರುಮಾಡುತ್ತೇನೆ. ಒಂದು ತಳಿಯಲ್ಲಿ ತಲೆ ಎಣಿಸಿದರೆ ಎಷ್ಟು ನಾಯಿಗಳಿವೆ ಎಂಬುದು ಒಂದು ಸಂಖ್ಯೆ. ವಂಶವಾಹಿಗಳ ವೈವಿಧ್ಯದ ದೃಷ್ಟಿಯಿಂದ ಅವು ಎಷ್ಟು ನಾಯಿಗಳಿಗೆ ಸಮ ಎಂಬುದು ಬೇರೆಯೇ ಸಂಖ್ಯೆ. ಎರಡನೆಯದನ್ನು ಪರಿಣಾಮಕಾರಿ ಸಂಖ್ಯೆ ಎನ್ನುತ್ತಾರೆ. ಮರಿ ಮಾಡಿಸುವ ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕು ಪಟ್ಟು ಮಾಡಿ, ಗಂಡು ಹೆಣ್ಣು ಸೇರಿದ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. 40 ಹೆಣ್ಣುಗಳಿಗೆ 2 ಗಂಡುಗಳನ್ನು ಬಳಸಿದಿರಿ ಎಂದುಕೊಳ್ಳಿ. 2 ಗುಣಿಸು 40, ಅದರ ನಾಲ್ಕು ಪಟ್ಟು 320. 42ರಿಂದ ಭಾಗಿಸಿದರೆ 7.6. ಕಣ್ಣಿಗೆ 42 ನಾಯಿಗಳು, ವೈವಿಧ್ಯದ ಲೆಕ್ಕಕ್ಕೆ ಎಂಟೂ ಇಲ್ಲ. ಹೆಣ್ಣುಗಳನ್ನು ಹತ್ತು ಪಟ್ಟು ಹೆಚ್ಚಿಸಿ 400 ಮಾಡಿದರೂ ಗಂಡು ಎರಡೇ ಆದರೆ ಆ ಸಂಖ್ಯೆ 8 ದಾಟುವುದಿಲ್ಲ. ಅದೇ 40 ಹೆಣ್ಣುಗಳಿಗೆ 10 ಗಂಡುಗಳನ್ನು ಹಂಚಿದರೆ ಒಂದೇ ಏಟಿಗೆ 32ಕ್ಕೆ ಏರುತ್ತದೆ. ಕಡಿಮೆ ಇರುವ ಲಿಂಗವೇ ಇಡೀ ತಳಿಯನ್ನು ಹಿಡಿದು ಕಟ್ಟುತ್ತದೆ, ನಾಯಿಗಳಲ್ಲಿ ಅದು ಸಾಮಾನ್ಯವಾಗಿ ಗಂಡೇ.

ಈ ಸಂಖ್ಯೆಯನ್ನು ದ್ವಿಗುಣ ಮಾಡಿ ಒಂದನ್ನು ಅದರಿಂದ ಭಾಗಿಸಿದರೆ, ಪ್ರತಿ ತಲೆಮಾರಿಗೆ ಇನ್‌ಬ್ರೀಡಿಂಗ್, ಅಂದರೆ ಹತ್ತಿರದ ಸಂಬಂಧಿಗಳ ಕೂಡಿಕೆಯ ಪ್ರಮಾಣ, ಎಷ್ಟು ಏರುತ್ತದೆ ಎಂಬುದು ತಿಳಿಯುತ್ತದೆ. 7.6 ಆದರೆ ತಲೆಮಾರಿಗೆ ಸುಮಾರು ಶೇ 6.6. 32 ಆದರೆ ಶೇ 1.6. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಾಕುಪ್ರಾಣಿ ತಳಿಗಳಿಗೆ ಕನಿಷ್ಠ 50 ಇರಲಿ, ಅಂದರೆ ಏರಿಕೆ ಶೇ 1 ಮೀರದಿರಲಿ ಎನ್ನುತ್ತದೆ. ಕೊಡಗೊಂದೇ ತನ್ನಷ್ಟಕ್ಕೆ ಯಾವ ತಳಿಯಲ್ಲೂ ಈ 50ನ್ನು ಮುಟ್ಟುವುದು ಕಷ್ಟ. ಆದ್ದರಿಂದ ಮೈಸೂರು, ಹಾಸನ, ಮಂಗಳೂರು, ಗಡಿಯಾಚೆಯ ಕಣ್ಣೂರಿನ ಸಾಕಣೆದಾರರ ಜೊತೆ ಗಂಡುಗಳನ್ನು ಹಂಚಿಕೊಳ್ಳುವುದು ಅನಿವಾರ್ಯ. ಮೈಸೂರಿನಿಂದ ತಂದ ಗಂಡೂ ಇಲ್ಲಿನ ಹೆಣ್ಣುಗಳ ಅಜ್ಜನ ಮಗನೇ ಆಗಿದ್ದರೆ ಮಾತ್ರ ಆ ಪ್ರಯಾಣವೆಲ್ಲ ದಂಡ. ಹೊರಗಿನದ್ದು ಎಂದ ಮಾತ್ರಕ್ಕೆ ಹೊಸ ರಕ್ತ ಆಗುವುದಿಲ್ಲ.

ಇದು ಕಾಗದದ ಮೇಲಿನ ಭಯ ಎಂದು ಯಾರೂ ತಿಳಿಯಬಾರದು. ಬ್ರಿಟನ್ನಿನ ಕೆನಲ್ ಕ್ಲಬ್ಬಿನ ವಂಶಾವಳಿ ದಾಖಲೆಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು 10 ತಳಿಗಳನ್ನು ನೋಡಿತು. ಅವುಗಳಲ್ಲಿ 7 ತಳಿಗಳು ಆರೇ ತಲೆಮಾರುಗಳಲ್ಲಿ ತಮ್ಮ ಅಪೂರ್ವ ವಂಶವಾಹಿ ರೂಪಗಳಲ್ಲಿ ಶೇ 90ಕ್ಕೂ ಹೆಚ್ಚನ್ನು ಕಳೆದುಕೊಂಡಿದ್ದವು. ಸಾವಿರಗಟ್ಟಲೆ ನಾಯಿಗಳು ನೋಂದಣಿಯಾಗುವ ದೇಶದ ಕಥೆ ಅದು. ಅಲ್ಲಿಂದ ಬಂದ ಕೆಲವೇ ನಾಯಿಗಳ ಸಂತಾನವನ್ನು ಹಂಚಿಕೊಂಡಿರುವ ನಮ್ಮಲ್ಲಿ ಪರಿಸ್ಥಿತಿ ಅದಕ್ಕಿಂತ ಹಗುರ ಇರಲಾರದು. ಇನ್‌ಬ್ರೀಡಿಂಗ್ ಏರಿದಾಗ ಮೊದಲು ಕಾಣುವುದು ಯಾವ ವಿಶೇಷ ಕಾಯಿಲೆಯೂ ಆಗಿರುವುದಿಲ್ಲ. ಹೆಣ್ಣಿಗೆ ಗರ್ಭ ನಿಲ್ಲುವುದಿಲ್ಲ, ಸೂಲಿನಲ್ಲಿ ಮರಿ ಕಡಿಮೆ, ಹುಟ್ಟಿದ ವಾರದಲ್ಲೇ ಮರಿ ಸಾಯುತ್ತದೆ. ಅಮೆರಿಕದ ಗೋಲ್ಡನ್ ರಿಟ್ರೀವರ್‌ಗಳ ಮೇಲೆ 2019ರಲ್ಲಿ ಬಂದ ಅಧ್ಯಯನದ ಪ್ರಕಾರ ತಾಯಿಯ ಇನ್‌ಬ್ರೀಡಿಂಗ್ ಪ್ರಮಾಣ ಶೇ 10 ಹೆಚ್ಚಾದರೆ ಸೂಲಿಗೆ ಸರಾಸರಿ ಒಂದು ಮರಿ ಕಡಿಮೆಯಾಗುತ್ತದೆ. ಇಲ್ಲಿ ಇಂಥದ್ದನ್ನೆಲ್ಲ ಮಳೆಗಾಲದ ಥಂಡಿಗೋ ಉಣ್ಣೆ (ಉಣುಗು) ಜ್ವರಕ್ಕೋ ಹೊರಿಸಿಬಿಡುತ್ತೇವೆ. ಥಂಡಿ, ಜ್ವರ ಎರಡೂ ನಿಜ. ಆದರೆ ಅದೇ ಕೊಟ್ಟಿಗೆಯಲ್ಲಿ ಅದೇ ಮಳೆಗೆ ಒಂದು ಹೆಣ್ಣಿನ ಎಂಟು ಮರಿ ಉಳಿದು, ಇನ್ನೊಂದರ ನಾಲ್ಕರಲ್ಲಿ ಎರಡು ಹೋದರೆ ವಂಶಾವಳಿಯ ಕಾಗದವನ್ನು ಬಿಡಿಸಿ ನೋಡಬೇಕು.

ಬಿಡಿಸಿ ನೋಡುವುದು ಹೇಗೆ? ಸ್ಯೂಯಲ್ ರೈಟ್ ಎಂಬ ವಿಜ್ಞಾನಿ 1922ರಲ್ಲೇ ಕೊಟ್ಟ ವಿಧಾನ ಇವತ್ತಿಗೂ ಬಳಕೆಯಲ್ಲಿದೆ, ಪೆನ್ನು ಕಾಗದ ಸಾಕು. ಗಂಡು ಹೆಣ್ಣು ಎರಡರ ವಂಶಾವಳಿಯನ್ನೂ ಅಕ್ಕಪಕ್ಕ ಇಡಿ. ಎರಡರಲ್ಲೂ ಬರುವ ಹೆಸರಿಗೆ ಗುರುತು ಹಾಕಿ. ಗಂಡಿನಿಂದ ಆ ಹೆಸರಿಗೆ ಎಷ್ಟು ಮೆಟ್ಟಿಲು, ಹೆಣ್ಣಿನಿಂದ ಎಷ್ಟು ಮೆಟ್ಟಿಲು ಎಣಿಸಿ. ಎರಡನ್ನೂ ಕೂಡಿ ಒಂದು ಸೇರಿಸಿ. ಅಷ್ಟು ಸಲ ಅರ್ಧವನ್ನು ಅರ್ಧದಿಂದ ಗುಣಿಸುತ್ತಾ ಹೋಗಿ. ಉದಾಹರಣೆಗೆ ಗಂಡಿನ ತಂದೆಯೇ ಹೆಣ್ಣಿನ ತಾಯಿಯ ತಂದೆಯೂ ಆಗಿದ್ದರೆ ಒಂದು ಕಡೆಯಿಂದ 1 ಮೆಟ್ಟಿಲು, ಇನ್ನೊಂದು ಕಡೆಯಿಂದ 2. ಒಂದು ಸೇರಿಸಿದರೆ 4. ಅರ್ಧವನ್ನು ನಾಲ್ಕು ಸಲ ಗುಣಿಸಿದರೆ ಶೇ 6.25. ಹುಟ್ಟುವ ಮರಿಗಳ ಇನ್‌ಬ್ರೀಡಿಂಗ್ ಪ್ರಮಾಣ ಅದು. ಒಂದಕ್ಕಿಂತ ಹೆಚ್ಚು ಸಮಾನ ಪೂರ್ವಜರಿದ್ದರೆ ಒಂದೊಂದಕ್ಕೂ ಬೇರೆಯಾಗಿ ಲೆಕ್ಕ ಹಾಕಿ ಎಲ್ಲವನ್ನೂ ಕೂಡಬೇಕು. ಆ ಪೂರ್ವಜ ತಾನೇ ಇನ್‌ಬ್ರೀಡಿಂಗ್‌ನಿಂದ ಹುಟ್ಟಿದ್ದರೆ ಅದರ ಪಾಲು ಇನ್ನೂ ಸ್ವಲ್ಪ ಏರುತ್ತದೆ. ಒಂದೇ ತಂದೆಯ, ಬೇರೆ ತಾಯಂದಿರ ಮಕ್ಕಳನ್ನು ಕೂಡಿಸಿದರೆ ಶೇ 12.5. ಅಜ್ಜ ಮೊಮ್ಮಗಳದ್ದೂ ಅಷ್ಟೇ. ತಂದೆ ಮಗಳು, ತಾಯಿ ಮಗ, ಒಡಹುಟ್ಟಿದವು ಆದರೆ ಶೇ 25. ಬ್ರಿಟನ್ನಿನ ಕೆನಲ್ ಕ್ಲಬ್ 2009ರಿಂದ ಈ ಕೊನೆಯ ಬಗೆಯ ಕೂಡಿಕೆಗಳ ಮರಿಗಳನ್ನು ನೋಂದಾಯಿಸುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ಇಂದಿಗೂ ಇದಕ್ಕೆ ಲೈನ್ ಬ್ರೀಡಿಂಗ್ ಎಂದು ಗೌರವದ ಹೆಸರಿಟ್ಟು ಮರಿಗೆ ಹೆಚ್ಚು ದುಡ್ಡು ಕೇಳುವವರಿದ್ದಾರೆ.

ಲೈನ್ ಬ್ರೀಡಿಂಗ್‌ನಿಂದ ತಲೆ, ಎದೆ, ನಡಿಗೆ ಒಂದೇ ಅಚ್ಚಿನಲ್ಲಿ ಬರುತ್ತವೆ ಎಂಬುದು ಸುಳ್ಳಲ್ಲ. ಒಳ್ಳೆಯ ಗುಣ ಎರಡೂ ಕಡೆಯಿಂದ ಒಂದೇ ರೂಪದಲ್ಲಿ ಬಂದು ಗಟ್ಟಿಯಾಗುತ್ತದೆ. ಅದೇ ದಾರಿಯಲ್ಲಿ ಕಣ್ಣಿಗೆ ಕಾಣದ ದೋಷಗಳೂ ಎರಡೂ ಕಡೆಯಿಂದ ಬಂದು ಗಟ್ಟಿಯಾಗುತ್ತವೆ, ಆಯ್ದುಕೊಳ್ಳುವ ಅವಕಾಶ ಯಾರಿಗೂ ಇಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ಕೈಯಲ್ಲಿರುವ ಸರ್ಟಿಫಿಕೇಟಿನಲ್ಲಿ ಮೂರೇ ತಲೆಮಾರು ಇದ್ದರೆ ನಾಲ್ಕನೆಯದರಲ್ಲಿ ಇರುವ ಸಮಾನ ಪೂರ್ವಜ ಕಾಣುವುದೇ ಇಲ್ಲ. ಮೂರು ತಲೆಮಾರಿಗೆ ಸೊನ್ನೆ ಬಂದ ಜೋಡಿ ಎಂಟು ತಲೆಮಾರಿಗೆ ನೋಡಿದರೆ ಶೇ 10 ದಾಟಬಹುದು. ಆದ್ದರಿಂದ ಕನಿಷ್ಠ ಐದು, ಸಿಕ್ಕರೆ ಎಂಟು ಹತ್ತು ತಲೆಮಾರುಗಳ ಹೆಸರು ಕಲೆಹಾಕಬೇಕು. ಸಿಗದಿದ್ದರೆ ಡಿಎನ್‌ಎ ಪರೀಕ್ಷೆಯಿಂದಲೇ ಇನ್‌ಬ್ರೀಡಿಂಗ್ ಅಳೆಯುವ ಪ್ರಯೋಗಾಲಯಗಳಿವೆ. ಅವು ಕಾಗದ ಮುಚ್ಚಿಟ್ಟಿದ್ದನ್ನೂ ಹೊರಗೆ ಹಾಕುತ್ತವೆ. ನನ್ನ ಸಲಹೆ ಇಷ್ಟು: ಐದು ತಲೆಮಾರಿನ ಲೆಕ್ಕದಲ್ಲಿ ಶೇ 6.25 ಮೀರುವ ಕ್ರಾಸಿಂಗ್ ಬೇಡ. ಶೇ 3ರೊಳಗೆ ಸಿಕ್ಕರೆ ಒಳ್ಳೆಯದು.

ಈಗ ಕಾಯಿಲೆಗಳ ವಿಷಯ. ಲ್ಯಾಬ್ರಡಾರ್, ಕಾಕರ್, ಪೂಡಲ್‌ಗಳಲ್ಲಿ ಪಿಆರ್‌ಎ ಎಂಬ ರೆಟಿನಾ ಸವೆಯುವ ಕಾಯಿಲೆ ಇದೆ. ಮೊದಲು ಮಬ್ಬುಗತ್ತಲಲ್ಲಿ ಕಾಣುವುದಿಲ್ಲ, ನಂತರ ಪೂರ್ತಿ ಕುರುಡು. ಲ್ಯಾಬ್ರಡಾರ್‌ನಲ್ಲೇ ಇಐಸಿ ಎಂಬ ಇನ್ನೊಂದಿದೆ: ಐದರಿಂದ ಹದಿನೈದು ನಿಮಿಷ ಜೋರಾಗಿ ಓಡಿದರೆ ಹಿಂಗಾಲು ಕುಸಿದು ನಾಯಿ ಬಿದ್ದುಬಿಡುತ್ತದೆ, ಬಿಸಿಲಿದ್ದರೆ ಸತ್ತೂ ಹೋಗಬಹುದು. ತೋಟದ ಇಳಿಜಾರಿನಲ್ಲಿ ಮನಸಾರೆ ಓಡುವ ನಾಯಿಗಳಿಗೆ ಇದು ಸಣ್ಣ ಮಾತಲ್ಲ. ಎರಡೂ ಅಪ್ರಬಲ ವಂಶವಾಹಿಯ ಕಾಯಿಲೆಗಳು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಕೆಟ್ಟ ಪ್ರತಿಗಳು ಸೇರಿದರೆ ಮಾತ್ರ ಕಾಯಿಲೆ. ಒಂದೇ ಇದ್ದರೆ ನಾಯಿ ಜೀವನಪೂರ್ತಿ ಆರೋಗ್ಯವಾಗಿರುತ್ತದೆ, ಅದು ವಾಹಕ ಮಾತ್ರ. ಪರೀಕ್ಷೆಗೆ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ತೆಗೆದ ಸ್ವಾಬ್ ಸಾಕು.

ಇಲ್ಲೇ ಒಂದು ದೊಡ್ಡ ತಪ್ಪು ನಡೆಯುತ್ತದೆ. ವಾಹಕ ಎಂದು ವರದಿ ಬಂದ ಕೂಡಲೇ ಆ ನಾಯಿಯನ್ನು ಸಂತಾನದಿಂದಲೇ ಹೊರಹಾಕುತ್ತಾರೆ. ಹಾಗೆ ಮಾಡಬೇಕಿಲ್ಲ. ವಾಹಕವನ್ನು ಕ್ಲಿಯರ್, ಅಂದರೆ ಕೆಟ್ಟ ಪ್ರತಿ ಒಂದೂ ಇಲ್ಲದ, ನಾಯಿಯ ಜೊತೆ ಕೂಡಿಸಿದರೆ ಮರಿಗಳಲ್ಲಿ ಸರಾಸರಿ ಅರ್ಧ ಕ್ಲಿಯರ್, ಅರ್ಧ ವಾಹಕ. ಕಾಯಿಲೆ ಬರುವ ಮರಿ ಒಂದೂ ಇರುವುದಿಲ್ಲ. ಆ ಸೂಲಿನ ಮರಿಗಳನ್ನು ಪರೀಕ್ಷಿಸಿ, ಒಳ್ಳೆಯ ಕ್ಲಿಯರ್ ಮರಿಯನ್ನು ಉಳಿಸಿಕೊಂಡರೆ ಆ ವಾಹಕ ನಾಯಿಯ ಉಳಿದ ಸಾವಿರಾರು ವಂಶವಾಹಿಗಳು ತಳಿಯಲ್ಲೇ ಉಳಿಯುತ್ತವೆ, ಕೆಟ್ಟದ್ದೊಂದು ಹೊರಗೆ ಹೋಗುತ್ತದೆ. ಎರಡು ವಾಹಕಗಳನ್ನು ಕೂಡಿಸಿದರೆ ಮಾತ್ರ ನಾಲ್ಕರಲ್ಲಿ ಒಂದಕ್ಕೆ ಕಾಯಿಲೆ. ಅದೂ ಸರಾಸರಿ ಲೆಕ್ಕ. ಎಂಟು ಮರಿಯ ಒಂದು ಸೂಲಿನಲ್ಲಿ ಒಂದೂ ಬರದೆ ಇರಬಹುದು, ನಾಲ್ಕು ಬರಬಹುದು. ಹಿಂದಿನ ಸೂಲಿನಲ್ಲಿ ಏನೂ ಆಗಲಿಲ್ಲ ಎಂಬ ಮಾತು ಯಾವ ಭರವಸೆಯನ್ನೂ ಕೊಡುವುದಿಲ್ಲ. ವಾಹಕಗಳನ್ನೆಲ್ಲ ಒಂದೇ ಸಲ ತೆಗೆದುಹಾಕಿ, ಉಳಿದ ಒಂದೆರಡು ಕ್ಲಿಯರ್ ಗಂಡುಗಳ ಹಿಂದೆ ಎಲ್ಲರೂ ಓಡಿದರೆ ಇಂದು ಪರೀಕ್ಷೆಯಿರುವ ಕಾಯಿಲೆ ಹೋಗಿ, ಪರೀಕ್ಷೆಯೇ ಇಲ್ಲದ ಇನ್ನೊಂದು ಕಾಯಿಲೆ ಊರಿಗೆಲ್ಲ ಹರಡುತ್ತದೆ. ಆ ಕ್ಲಿಯರ್ ಗಂಡಿನೊಳಗೂ ಗುರುತಿಸಲಾಗದ ದೋಷಗಳು ಇದ್ದೇ ಇರುತ್ತವೆ. ದೋಷವಿಲ್ಲದ ನಾಯಿ ಎಂಬುದೊಂದಿಲ್ಲ.

ಸ್ವಾಬ್ ತೆಗೆಯುವಾಗ ನಮ್ಮ ಹವೆಗೆ ತಕ್ಕ ಜಾಗ್ರತೆ ಬೇಕು. ನಾಯಿಗೆ ಊಟ ಕೊಟ್ಟು ಕನಿಷ್ಠ ಒಂದು ಗಂಟೆ ಆಗಿರಲಿ. ಹಾಲು ಕುಡಿಯುವ ಮರಿಯಾದರೆ ಎರಡು ಗಂಟೆ ತಾಯಿಯಿಂದ ಬೇರೆ ಇಡಿ, ಇಲ್ಲದಿದ್ದರೆ ತಾಯಿಯ ಜೀವಕೋಶಗಳೂ ಬಂದು ವರದಿ ಕಲಸುಮೇಲೋಗರವಾಗುತ್ತದೆ. ಕೆನ್ನೆ ಮತ್ತು ವಸಡಿನ ನಡುವೆ ಅರ್ಧ ನಿಮಿಷ ಹೊರಳಿಸಿ ಉಜ್ಜಬೇಕು. ಬರೀ ಜೊಲ್ಲು ಹತ್ತಿದರೆ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸ್ವಾಬ್ ತಾನಾಗಿ ಒಣಗುವುದಿಲ್ಲ. ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳು. ಪ್ರಯೋಗಾಲಯ ಬೇರೆ ರೀತಿ ಹೇಳಿಲ್ಲದಿದ್ದರೆ ಫ್ಯಾನಿನ ಕೆಳಗೆ ಚೆನ್ನಾಗಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಕಳಿಸಿ. ಸ್ವಾಬ್ ತೆಗೆಯುವ ಮುನ್ನ ಪಶುವೈದ್ಯರು ನಾಯಿಯ ಚರ್ಮದ ಕೆಳಗಿನ ಗುರುತಿನ ಚಿಪ್ ಓದಿ, 15 ಅಂಕಿಗಳ ಆ ಸಂಖ್ಯೆಯನ್ನು ತಾವೇ ಲಕೋಟೆಯ ಮೇಲೆ ಬರೆದು ಸಹಿ ಹಾಕಬೇಕು. ಚಿಪ್ ಸಂಖ್ಯೆ ಇಲ್ಲದ ವರದಿ ಯಾವ ನಾಯಿಯದ್ದು ಬೇಕಾದರೂ ಆಗಬಹುದು.

ಒಂದು ಸ್ವಾಬ್‌ನಿಂದ ಎಲ್ಲವೂ ತಿಳಿಯುವುದಿಲ್ಲ. ಸೊಂಟದ ಕೀಲಿನ ದೋಷ, ಅಂದರೆ ಹಿಪ್ ಡಿಸ್ಪ್ಲೇಸಿಯಾ, ಹಲವು ವಂಶವಾಹಿಗಳು ಸೇರಿ ಬರುವಂಥದ್ದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ಮೂರಕ್ಕೂ ಎಕ್ಸ್‌ರೇ ಬೇಕೇ ಬೇಕು. ಮರಿಯಲ್ಲಿ ತೆಗೆದ ಸಾಧಾರಣ ಎಕ್ಸ್‌ರೇಯನ್ನು ನಂಬಬಾರದು. ಅಮೆರಿಕದ ಓಎಫ್‌ಎ ಸಂಸ್ಥೆ 24 ತಿಂಗಳು ತುಂಬಿದ ಮೇಲೆ ತೆಗೆದದ್ದಕ್ಕೆ ಮಾತ್ರ ಅಂತಿಮ ಅಂಕ ಕೊಡುತ್ತದೆ. ಅರಿವಳಿಕೆ ಅಥವಾ ಮತ್ತಿನ ಔಷಧ ಕೊಟ್ಟು, ಬೆನ್ನ ಮೇಲೆ ಮಲಗಿಸಿ, ಎರಡೂ ಹಿಂಗಾಲುಗಳನ್ನು ಸಮಾನಾಂತರವಾಗಿ ಹಿಂದಕ್ಕೆ ಚಾಚಿ, ಮೊಣಕಾಲ ಚಿಪ್ಪು ನೇರ ಮೇಲಕ್ಕೆ ಬರುವಂತೆ ಒಳಕ್ಕೆ ತಿರುಗಿಸಿ ತೆಗೆಯಬೇಕು. ಸೊಂಟ ಸ್ವಲ್ಪ ವಾಲಿದರೂ ಒಂದು ಕೀಲು ಚೆನ್ನಾಗಿಯೂ ಇನ್ನೊಂದು ಕೆಟ್ಟದಾಗಿಯೂ ಕಾಣುತ್ತದೆ. ಫಿಲ್ಮಿನಲ್ಲಿ ಎರಡು ಕಡೆಯ ಸೊಂಟದ ಮೂಳೆಯ ರಂಧ್ರಗಳು ಒಂದೇ ಅಳತೆಯಲ್ಲಿ ಇವೆಯೇ ಎಂದು ಮಾಲೀಕರೂ ನೋಡಬಹುದು. ಇಲ್ಲದಿದ್ದರೆ ಮತ್ತೆ ತೆಗೆಸಿ.

ಸೊಂಟದ ವಿಷಯದಲ್ಲಿ ಸಾಕುವ ರೀತಿಯೂ ದೋಷವನ್ನು ಮರೆಮಾಚುತ್ತದೆ ಅಥವಾ ಹೆಚ್ಚಿಸುತ್ತದೆ. 48 ಲ್ಯಾಬ್ರಡಾರ್‌ಗಳನ್ನು ಜೀವನಪೂರ್ತಿ ಗಮನಿಸಿದ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಜೊತೆಯ ನಾಯಿಗಿಂತ ಶೇ 25 ಕಡಿಮೆ ಆಹಾರ ತಿಂದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು. ಕೀಲುವಾತವೂ ಅವಕ್ಕೆ ತಡವಾಗಿ ಬಂತು. ಹೊಟ್ಟೆ ತುಂಬ ಅನ್ನ ಹಾಕಿ ಗುಂಡಗೆ ಬೆಳೆಸಿದ, ನುಣುಪು ಟೈಲ್ಸ್ ಮೇಲೆ ಜಾರುವ ಮರಿಗೆ ಕೀಲು ಬೇಗ ಸವೆಯುತ್ತದೆ. ಹಾಗಾಗಿ ಗಂಡೊಂದರ ಒಂದು ಎಕ್ಸ್‌ರೇಯಿಂದ ತೀರ್ಮಾನಕ್ಕೆ ಬರುವುದಕ್ಕಿಂತ ಅದರ ಒಡಹುಟ್ಟುಗಳು, ಹಿಂದಿನ ಸೂಲಿನ ಮಕ್ಕಳು ಹೇಗಿದ್ದಾರೆ ಎಂಬುದನ್ನೂ ಸೇರಿಸಿ ನೋಡುವುದು ಮೇಲು.

ಡಾಬರ್‌ಮನ್ ಸಾಕುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಈ ತಳಿಯನ್ನು ಕಾಡುವುದು ಡಿಸಿಎಂ ಎಂಬ ಹೃದಯದ ಕಾಯಿಲೆ. ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ, ಬಡಿತ ತಾಳ ತಪ್ಪುತ್ತದೆ, ನಿನ್ನೆ ಗೇಟಿನ ಬಳಿ ಬೊಗಳುತ್ತಿದ್ದ ನಾಯಿ ಇವತ್ತು ಬಿದ್ದು ಸಾಯುತ್ತದೆ. ಇದಕ್ಕೆ ಸಂಬಂಧಿಸಿದ ಕೆಲವು ವಂಶವಾಹಿ ಬದಲಾವಣೆಗಳು ಪತ್ತೆಯಾಗಿದ್ದರೂ, ಅವು ಇಲ್ಲ ಎಂದು ಬಂದ ವರದಿ ನಾಯಿ ಸುರಕ್ಷಿತ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಮೂರನೆಯ ವಯಸ್ಸಿನಿಂದ ವರ್ಷಕ್ಕೊಮ್ಮೆ ಹೃದಯದ ಸ್ಕ್ಯಾನ್ ಮತ್ತು 24 ಗಂಟೆಯ ಹೋಲ್ಟರ್ ದಾಖಲೆ (ಮೈಗೆ ಕಟ್ಟಿದ ಯಂತ್ರದಿಂದ ಹೃದಯ ಬಡಿತದ ದಾಖಲೆ) ಎರಡೂ ಆಗಬೇಕು. ಆ 24 ಗಂಟೆಗಳಲ್ಲಿ ತಾಳ ತಪ್ಪಿದ ಕುಹರದ ಬಡಿತಗಳು 300 ಮೀರಿದರೆ ಕಾಯಿಲೆ ಎಂದೇ ಅರ್ಥ. ಎರಡು ವರ್ಷದ ಗಂಡನ್ನು ಚೆನ್ನಾಗಿದೆ ಎಂದು ಇಪ್ಪತ್ತು ಹೆಣ್ಣುಗಳಿಗೆ ಬಿಟ್ಟು, ಅದು ಆರನೆಯ ವರ್ಷಕ್ಕೆ ಸತ್ತರೆ ಅಷ್ಟರಲ್ಲಿ ಮೊಮ್ಮಕ್ಕಳೂ ಮರಿ ಹಾಕಿರುತ್ತವೆ. ಜರ್ಮನ್ ಶೆಫರ್ಡ್‌ನ ಬೆನ್ನುಹುರಿ ಸವೆಯುವ ಕಾಯಿಲೆಯದ್ದೂ ಇದೇ ಪಾಡು, ಎಂಟರ ಆಸುಪಾಸಿಗೆ ಹಿಂಗಾಲು ಎಳೆಯಲು ಶುರುವಾಗುವವರೆಗೆ ಏನೂ ಕಾಣುವುದಿಲ್ಲ. ಅದಕ್ಕೇ ಆರೇಳು ವರ್ಷ ದಾಟಿಯೂ ಗಟ್ಟಿಮುಟ್ಟಾಗಿರುವ, ಶೋ ಪದಕ ಇಲ್ಲದ ಹಳೆಯ ಗಂಡುಗಳನ್ನು ಹುಡುಕಿ ಬಳಸಿ ಎಂದು ಒತ್ತಿ ಹೇಳುತ್ತೇನೆ. ತೋಟದ ಮನೆಗಳ ಜಗಲಿಗಳಲ್ಲಿ ಅಂಥವು ಇವೆ, ಯಾರೂ ಕೇಳುವುದಿಲ್ಲ.

ಬಣ್ಣದ ಹುಚ್ಚಿನ ಬಗ್ಗೆ ಎರಡೇ ಸಾಲು. ಡ್ಯಾಶ್‌ಹುಂಡ್‌ನಲ್ಲಿ ಮಚ್ಚೆಯ ಡ್ಯಾಪಲ್ ಬಣ್ಣದ ಎರಡನ್ನು ಕೂಡಿಸಬೇಡಿ: ನಾಲ್ಕರಲ್ಲಿ ಒಂದು ಮರಿಗೆ ಆ ವಂಶವಾಹಿ ಎರಡೂ ಕಡೆಯಿಂದ ಬಂದು ಕಿವುಡು, ಕುರುಡು, ಕಣ್ಣುಗುಡ್ಡೆಯೇ ಬೆಳೆಯದಿರುವ ಅಪಾಯವಿದೆ. ಇನ್ನು ಕೋಲಿ, ಶೆಲ್ಟಿ ಮತ್ತು ಅವುಗಳ ಮಿಶ್ರ ಮರಿಗಳಿರುವವರು ಎಂಡಿಆರ್1 ಎಂಬ ವಂಶವಾಹಿಯ ದೋಷದ ಪರೀಕ್ಷೆ ಮಾಡಿಸದೆ ಉಣ್ಣೆಗೆ, ಕಜ್ಜಿಗೆ ಐವರ್‌ಮೆಕ್ಟಿನ್ ಇಂಜೆಕ್ಷನ್ ಹಾಕಿಸಬಾರದು. ಆ ದೋಷವಿದ್ದರೆ ಔಷಧ ಮಿದುಳಿಗೆ ನುಗ್ಗಿ ನಾಯಿ ತೂರಾಡಿ, ಜೊಲ್ಲು ಸುರಿಸಿ, ಪ್ರಜ್ಞೆ ತಪ್ಪುತ್ತದೆ. ಉಣ್ಣೆ ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಇದು ಕೈಗೆ ಸುಲಭವಾಗಿ ಸಿಗುವ ಔಷಧ.

ತಳಿಯ ಒಳಗೇ ಒಳ್ಳೆಯ ಪ್ರತಿ ಉಳಿದಿಲ್ಲದಿದ್ದರೆ ಏನು ಮಾಡುವುದು? ಡಾಲ್ಮೇಷಿಯನ್ ಇದಕ್ಕೆ ಉತ್ತರ ಕೊಟ್ಟಿದೆ. ಈ ತಳಿಯ ಎಲ್ಲ ನಾಯಿಗಳಲ್ಲೂ ಯೂರಿಕ್ ಆಮ್ಲವನ್ನು ಸಾಗಿಸುವ ವಂಶವಾಹಿ ಕೆಟ್ಟದ್ದೇ ಆಗಿತ್ತು, ಮೂತ್ರದಲ್ಲಿ ಕಲ್ಲು ಕಟ್ಟುತ್ತಿತ್ತು. ತಳಿಯೊಳಗೆ ಎಷ್ಟು ಹುಡುಕಿದರೂ ಒಳ್ಳೆಯ ಪ್ರತಿ ಸಿಗುವಂತಿರಲಿಲ್ಲ. ಅಮೆರಿಕದ ವಂಶವಾಹಿ ತಜ್ಞ ರಾಬರ್ಟ್ ಶೈಬಲ್ 1973ರಲ್ಲಿ ಒಂದೇ ಒಂದು ಸಲ ಪಾಯಿಂಟರ್ ನಾಯಿಯ ಜೊತೆ ಕೂಡಿಸಿದರು. ನಂತರ ಪ್ರತಿ ತಲೆಮಾರಿನಲ್ಲೂ ಶುದ್ಧ ಡಾಲ್ಮೇಷಿಯನ್‌ಗೇ ಮರಳಿ ಕೂಡಿಸುತ್ತ, ಯೂರಿಕ್ ಆಮ್ಲ ಸರಿಯಿದ್ದ ಮರಿಗಳನ್ನು ಮಾತ್ರ ಆರಿಸುತ್ತ ಬಂದರು. ಅವುಗಳ ಸಂತತಿಯನ್ನು ಅಮೆರಿಕನ್ ಕೆನಲ್ ಕ್ಲಬ್ ಪೂರ್ತಿಯಾಗಿ ಒಪ್ಪಿಕೊಂಡದ್ದು 2011ರಲ್ಲಿ. ಸುಮಾರು ನಾಲ್ಕು ದಶಕ ಆ ಮಚ್ಚೆಯ ನಾಯಿಗಳು ನೋವು ತಿಂದದ್ದು ಶುದ್ಧತೆಯ ಹಟಕ್ಕಾಗಿ. ಕಾಫಿ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನಮ್ಮ ತೋಟಗಳ ಅರೇಬಿಕಾ ತಳಿ ಎಸ್. 795ಕ್ಕೆ ಎಲೆತುಕ್ಕು ತಡೆಯುವ ಶಕ್ತಿ ಬಂದದ್ದು ಅರೇಬಿಕಾದ ಒಳಗಿನಿಂದಲ್ಲ, ಲೈಬೀರಿಕಾ ಎಂಬ ಬೇರೆ ಜಾತಿಯ ಕಾಫಿಯ ಸಂಬಂಧವಿದ್ದ ಎಸ್. 288ರಿಂದ. ಅದನ್ನು ಕೆಂಟ್ಸ್ ಎಂಬ ಅರೇಬಿಕಾ ತಳಿಯ ಜೊತೆ ಕೂಡಿಸಿದ ಮೇಲೂ ಕಪ್ಪಿನ ರುಚಿ ಅರೇಬಿಕಾದ್ದೇ ಆಗಿ ಉಳಿಯಿತು. ಬಾಸೆಂಜಿ ನಾಯಿಗಳಿಗೂ ಅಮೆರಿಕದವರು 1990ರಲ್ಲಿ ವಂಶಾವಳಿ ಪುಸ್ತಕವನ್ನು ತೆರೆದು, ಆಫ್ರಿಕಾದಿಂದ ತಂದ ಹೊಸ ನಾಯಿಗಳನ್ನು ಸೇರಿಸಿಕೊಂಡರು. ಇಂಥದ್ದನ್ನು ಒಬ್ಬೊಬ್ಬರೇ ಮನೆಯಲ್ಲಿ ಮಾಡಬಾರದು. ತಳಿ ಸಂಘಗಳು ಯೋಜನೆ ಹಾಕಿ, ದಾಖಲೆ ಇಟ್ಟು ಮಾಡಬೇಕು.

ನಮ್ಮ ನಾಡಿನ ಮುಧೋಳ ಬೇಟೆನಾಯಿಗೂ ಈ ಅಪಾಯ ತಪ್ಪಿದ್ದಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಸೇನೆ ಅದನ್ನು ಮೀರತ್‌ಗೆ ಕರೆದೊಯ್ದು ತರಬೇತಿ ಕೊಟ್ಟಿತು, ಬೇಡಿಕೆ ಏರಿತು. ಬೇಡಿಕೆ ಏರಿದಾಗಲೇ ಹೆಸರಾದ ಒಂದೆರಡು ಗಂಡುಗಳ ಮುಂದೆ ಸಾಲು ಬೆಳೆಯುವುದು. ಕೊಡಗಿನಲ್ಲಿ ಮುಧೋಳ ಸಾಕುವವರು ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ವಿಚಾರಿಸಿ, ಬೇರೆ ಬೇರೆ ಊರಿನ, ಸಂಬಂಧವಿಲ್ಲದ ಕುಟುಂಬಗಳ ಮರಿಗಳನ್ನು ತರಬೇಕು. ಒಂದೇ ಮನೆಯಿಂದ ಜೋಡಿ ತರುವುದು ಅತ್ಯಂತ ಕೆಟ್ಟ ಅಭ್ಯಾಸ.

ಈಗ ಕೋರಿಕೆಗೆ ಬರುತ್ತೇನೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಐದೂ ತಾಲ್ಲೂಕುಗಳ ಪಶುವೈದ್ಯರು ಮತ್ತು ಸಾಕಣೆದಾರರು ಸೇರಿ ಗಂಡು ನಾಯಿಗಳ ಒಂದು ತೆರೆದ ದಾಖಲೆ ಪುಸ್ತಕ ಮಾಡಬೇಕು. ತಳಿಗೊಂದು ಭಾಗ, ಗಂಡಿಗೊಂದು ಪುಟ. ಅದರಲ್ಲಿ ಚಿಪ್ ಸಂಖ್ಯೆ, ಹುಟ್ಟಿದ ದಿನ, ಐದು ತಲೆಮಾರಿನ ಹೆಸರುಗಳು, ಸೊಂಟ ಮತ್ತು ಮೊಣಕೈ ಎಕ್ಸ್‌ರೇ ಅಂಕ, ಡಿಎನ್‌ಎ ವರದಿ, ಹೃದಯ ಮತ್ತು ಕಣ್ಣಿನ ತಪಾಸಣೆಯ ದಿನಾಂಕ, ಕೂಡಿಕೆಯಿಂದ ಹರಡುವ ಬ್ರುಸೆಲ್ಲಾ ಸೋಂಕಿನ ಪರೀಕ್ಷೆಯ ದಿನಾಂಕ ಇರಲಿ. ಮುಖ್ಯವಾಗಿ, ಇದುವರೆಗೆ ಕೂಡಿದ ಹೆಣ್ಣುಗಳ ಚಿಪ್ ಸಂಖ್ಯೆ ಮತ್ತು ಹುಟ್ಟಿದ ಮರಿಗಳ ಲೆಕ್ಕ ಇರಬೇಕು. ಕೆಟ್ಟ ಫಲಿತಾಂಶ ಬರೆಸಿದವರನ್ನು ಯಾರೂ ಹೀಯಾಳಿಸಬಾರದು. ಹಾಗಾದರೆ ಮರುದಿನದಿಂದ ಯಾರೂ ನಿಜ ಬರೆಸುವುದಿಲ್ಲ, ಪುಸ್ತಕ ನಿರುಪಯೋಗಿ.

ಒಂದು ಗಂಡಿಗೆ ಮಿತಿ ಎಷ್ಟು? ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ, ಐದು ವರ್ಷಗಳಲ್ಲಿ ಒಂದು ತಳಿಯಲ್ಲಿ ನೋಂದಣಿಯಾಗುವ ಮರಿಗಳ ಶೇ 5ಕ್ಕಿಂತ ಹೆಚ್ಚು ಒಂದೇ ನಾಯಿಯ ಸಂತಾನವಾಗಬಾರದು ಎನ್ನುತ್ತದೆ. ಐದು ವರ್ಷಕ್ಕೆ 200 ಮರಿ ಹುಟ್ಟುವ ತಳಿಯಾದರೆ ಒಂದು ಗಂಡಿಗೆ 10 ಮರಿ, ಅಂದರೆ ಒಂದೆರಡು ಸೂಲು. ಗಂಡಿನ ಮಾಲೀಕರಿಗೆ ಇದು ನಷ್ಟ ಎನಿಸುವುದು ಸಹಜ. ಹಾಗಾಗಿ ಸ್ವಲ್ಪ ಸಡಿಲಿಸಿ, ಜಿಲ್ಲೆಯೊಳಗೆ ಮೂರು ಸೂಲಿನ ಮಿತಿಯಿಂದ ಶುರುಮಾಡಿ, ನಂತರದ ಕ್ರಾಸಿಂಗ್‌ಗಳನ್ನು ಹೊರ ಜಿಲ್ಲೆಗಳ ಸಂಬಂಧವಿಲ್ಲದ ಹೆಣ್ಣುಗಳಿಗೆ ಕೊಡಲಿ. ಅಲ್ಲಿನ ಗಂಡುಗಳು ಇಲ್ಲಿಗೆ ಬರಲಿ. ಇನ್ನೊಂದು ನಿಯಮ ಸೂಲಿನ ಕಡೆಯಿಂದ: ಪ್ರತಿ ಒಳ್ಳೆಯ ಸೂಲಿನಿಂದ ಒಂದು ಗಂಡು, ಒಂದು ಹೆಣ್ಣು ಮುಂದಿನ ಸಂತಾನಕ್ಕೆ ಉಳಿಯಲಿ. ಚಾಂಪಿಯನ್ ಸೂಲಿನ ಎಂಟೂ ಮರಿಗಳನ್ನು ಉಳಿಸಿಕೊಂಡು, ಪಕ್ಕದ ಸಾಧಾರಣ ಸೂಲಿನ ಎಲ್ಲವನ್ನೂ ಸಂತಾನಹರಣ ಮಾಡಿಸಿದರೆ ಒಂದು ಇಡೀ ಕುಟುಂಬವೇ ತಳಿಯಿಂದ ಅಳಿದುಹೋಗುತ್ತದೆ.

ಕಾನೂನು ಹೇಳುವುದನ್ನೂ ನೆನಪಿಸಬೇಕು. 2017ರ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, 18 ತಿಂಗಳು ತುಂಬದ ಹೆಣ್ಣನ್ನು ಕ್ರಾಸ್ ಮಾಡಿಸುವಂತಿಲ್ಲ, 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಾಯಿಗೆ ಎರಡು ವರ್ಷ ತುಂಬಿ ಎಕ್ಸ್‌ರೇ ಅಂಕ ಬರುವವರೆಗೆ ಕಾಯುವವರಿಗೆ ಮೊದಲಿನ ವಯಸ್ಸಿನ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ.

ಬೇಲಿ ಸರಿಯಿಲ್ಲದ ತೋಟಗಳಲ್ಲಿ ಇನ್ನೊಂದು ತೊಡಕಿದೆ. ಬೆದೆ ಸುಮಾರು ಮೂರು ವಾರ ಇರುತ್ತದೆ. ಕ್ರಾಸಿಂಗ್ ಮುಗಿಯಿತು ಎಂದು ಹೆಣ್ಣನ್ನು ಬಿಟ್ಟರೆ ಕಾರ್ಮಿಕರ ಲೈನ್ ಮನೆಯ ಕಡೆಯ ಗಂಡೂ ಸೇರಬಹುದು, ಒಂದೇ ಸೂಲಿನಲ್ಲಿ ಇಬ್ಬರು ತಂದೆಯರ ಮರಿಗಳು ಹುಟ್ಟಬಹುದು. ಬಣ್ಣ ನೋಡಿ ತೀರ್ಮಾನಿಸಲು ಬರುವುದಿಲ್ಲ. ಸಂಶಯವಿದ್ದರೆ ಮರಿಗಳ ತಂದೆ ಯಾರೆಂದು ಡಿಎನ್‌ಎಯಿಂದ ಖಚಿತಪಡಿಸಿದ ಮೇಲೆಯೇ ಪೇಪರ್‌ಗೆ ಅರ್ಜಿ ಹಾಕಬೇಕು. ಸುಳ್ಳು ಹೆಸರು ಒಂದು ಸಲ ವಂಶಾವಳಿಗೆ ಸೇರಿದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪು. ತಂದೆ ತಾಯಿ ಎರಡೂ ಕ್ಲಿಯರ್, ಆದ್ದರಿಂದ ಮರಿಯೂ ಕ್ಲಿಯರ್ ಎಂಬ ಮಾತು ನಿಲ್ಲುವುದೂ ತಂದೆ ನಿಜವಾಗಿ ಆತನೇ ಆಗಿದ್ದರೆ ಮಾತ್ರ. ಎರಡು ತಲೆಮಾರಿಗೊಮ್ಮೆಯಾದರೂ ಹೊಸದಾಗಿ ಪರೀಕ್ಷೆ ಮಾಡಿಸಿ.

ಮರಿ ಕೊಳ್ಳುವವರ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಶಕ್ತಿ ಇದೆ. ಮುಂಗಡ ಕೊಡುವ ಮುನ್ನ ತಂದೆ ತಾಯಿ ಎರಡರ ವರದಿಗಳನ್ನೂ ಕೇಳಿ, ವರದಿಯ ಚಿಪ್ ಸಂಖ್ಯೆ ಮತ್ತು ಪೇಪರ್‌ನ ಚಿಪ್ ಸಂಖ್ಯೆ ಒಂದೇ ಇದೆಯೇ ನೋಡಿ, ಮರಿಯ ಇನ್‌ಬ್ರೀಡಿಂಗ್ ಪ್ರಮಾಣ ಎಷ್ಟು ಎಂದು ಕೇಳಿ. ಅಜ್ಜ ಅಜ್ಜಿಯರು ಇನ್ನೂ ಇದ್ದಾರೆಯೇ, ಇಲ್ಲದಿದ್ದರೆ ಎಷ್ಟನೆಯ ವಯಸ್ಸಿನಲ್ಲಿ, ಯಾವುದರಿಂದ ಹೋದರು ಎಂದು ಕೇಳಿ. ಮತ್ತು ನಿಮ್ಮ ಮನೆಯ ನಾಯಿ ಸತ್ತಾಗ, ವಯಸ್ಸು ಮತ್ತು ವೈದ್ಯರು ಹೇಳಿದ ಕಾರಣವನ್ನು ಮರಿ ಕೊಟ್ಟವರಿಗೆ ಫೋನ್ ಮಾಡಿ ತಿಳಿಸಿ. ಹಾವು ಕಚ್ಚಿಯೋ ಚಿರತೆ ಹೊತ್ತೊಯ್ದೋ ಹೋಗಿದ್ದರೆ ಅದನ್ನೂ ಹೇಳಿ. ವಂಶದ ಕಾಯಿಲೆಯ ಲೆಕ್ಕದಿಂದ ಅದನ್ನು ಬೇರೆ ಇಡಬೇಕಾಗುತ್ತದೆ. ಈ ಒಂದು ಕಾಲಂ ತುಂಬಿದರೆ ಮಾತ್ರ ಐದಾರು ವರ್ಷಗಳ ನಂತರ ಯಾವ ಗಂಡಿನ ಮಕ್ಕಳು ಹೆಚ್ಚು ಬಾಳುತ್ತಿವೆ ಎಂದು ಆ ಪುಸ್ತಕ ತೆರೆದು ಹೇಳಲು ಸಾಧ್ಯ.

ಇಂತಿ ತಮ್ಮ ವಿಶ್ವಾಸಿ,
ಶ್ವಾನ ಸಾಕಣೆದಾರ, ಗೋಣಿಕೊಪ್ಪಲು